ಡ್ಯಾಶ್‌ಬೋರ್ಡಿನಿಂದ ಗೇರ್ ಲಿವರ್ ಹೊರಬಂದಿರುವ ಈ ಕರಿ ಕಾರು ನಿಜವಾಗಲೂ 1934ರದ್ದಾ?

ಪ್ಯಾರಿಸ್‌ಪಾಪು:
ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಅಂತ ಪ್ಯಾರಿಸ್ಸಿಗೆ ಬಂದು ನಾಲ್ಕು ವರ್ಷ ಆಯಿತು. ಕಾರಿನ ಬಗ್ಗೆ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೇ. ಹೋದ ಶನಿವಾರ ಆಫೀಸಿನ ಗೆಳತಿಯ ಮದುವೆಗೆ ಒಂದು ಹಳ್ಳಿಗೆ ಹೋಗಿದ್ದೆ. ಮದುಮಗಳು ಬಂದಿದ್ದು ಕರಿ ಬಣ್ಣದ ಹಳೇ ಸಿತ್ರೊಯೆನ್ ಕಾರಿನಲ್ಲಿ. ಬಾನೆಟ್ ಮೇಲೆ ಬಿಳಿ ರಿಬ್ಬನ್ನು. ಗಾಡಿ ಅವಳ ಸೋದರಮಾವನದು. ಊಟ ಆದ ಮೇಲೆ ಅವರು ನನ್ನನ್ನೂ ಒಂದು ಸುತ್ತು ಕರೆದುಕೊಂಡು ಹೋದರು.

ನನಗೆ ವಿಚಿತ್ರ ಅನ್ನಿಸಿದ್ದು ಇಷ್ಟು. ಮುಂದಿನ ಬಾಗಿಲು ಉಲ್ಟಾ ತೆಗೆಯುತ್ತದೆ, ಹಿಡಿ ಮುಂದೆ, ಕೀಲು ಹಿಂದೆ. ಒಳಗೆ ನೆಲ ಪೂರ್ತಿ ಸಪಾಟು, ನಮ್ಮ ಹಳೇ ಅಂಬಾಸಿಡರ್‌ನಲ್ಲಿ ನಡುವೆ ಇರುತ್ತಿತ್ತಲ್ಲ ಆ ದಿಬ್ಬ ಇಲ್ಲವೇ ಇಲ್ಲ. ಹತ್ತಲು ಫುಟ್‌ಬೋರ್ಡ್ ಕೂಡ ಇಲ್ಲ, ಅಷ್ಟು ತಗ್ಗು. ಗೇರ್ ಲಿವರ್ ಡ್ಯಾಶ್‌ಬೋರ್ಡಿನಿಂದಲೇ ಕೋಲಿನ ಹಾಗೆ ಹೊರಗೆ ಬಂದಿದೆ. ಮೂರೇ ಗೇರು. ಸೆಖೆ ಅಂತ ಅವರು ಒಂದು ಗುಬುಟು ತಿರುಗಿಸಿದರು, ಮುಂದಿನ ಗಾಜು ಕೆಳಗಿನಿಂದ ಎದ್ದು ಗಾಳಿ ಬಂತು!

"ಇದು 1934ರ ಡಿಸೈನು" ಅಂದರು. ನನಗೆ ನಂಬಿಕೆ ಬರಲಿಲ್ಲ. ನಮ್ಮೂರ ಮ್ಯೂಸಿಯಂಗಳಲ್ಲಿ ನೋಡಿದ ಆ ಕಾಲದ ಕಾರುಗಳು ಎತ್ತರಕ್ಕೆ, ಡಬ್ಬಿ ಇದ್ದ ಹಾಗೆ ಇರುತ್ತವೆ ಅಲ್ವಾ? ತಿಳಿದವರು ಹೇಳಿ.

ಗ್ಯಾರೇಜ್‌ಗಿರಾಕಿ:
ಪುಣ್ಯವಂತರು ಕಣ್ರೀ ನೀವು! ಅದು ಸಿತ್ರೊಯೆನ್ ಟ್ರಾಕ್ಸಿಯೋಂ ಅವಾಂ. ಹಾಗಂದರೆ ಮುಂದಿನ ಎಳೆತ ಅಂತ. ಡಿಸೈನು ಖಂಡಿತ 1934ರದ್ದೇ, ಆ ವರ್ಷದ ಏಪ್ರಿಲ್‌ನಲ್ಲಿ ಬಂದಿದ್ದು. 1957ರ ತನಕ ಅದನ್ನೇ ಮಾಡಿದರು, ಒಟ್ಟು ಸುಮಾರು 7 ಲಕ್ಷ 60 ಸಾವಿರ ಗಾಡಿ. ನೀವು ಕೂತಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲಿನದು ಇರಬಹುದು, ಫೋಟೋ ಹಾಕಿದರೆ ಹೇಳುತ್ತೇನೆ.

ನೀವು ನೋಡಿದ ಒಂದೊಂದು ವಿಚಿತ್ರಕ್ಕೂ ಒಂದೇ ಬೇರು. ಆಗಿನ ಮಾಮೂಲಿ ಕಾರು ಹೇಗಿರುತ್ತಿತ್ತು? ಕೆಳಗೆ ಲಾರಿಗೆ ಇರುವ ಹಾಗೆ ಗಟ್ಟಿ ಚಾಸಿ, ಅಂದರೆ ಉಕ್ಕಿನ ಚೌಕಟ್ಟು. ಮೇಲೆ ಬಾಡಿ ಬೇರೆ ಮಾಡಿ ಕೂರಿಸುವುದು. ಇಂಜಿನ್ ಮುಂದೆ, ಓಡುವ ಚಕ್ರ ಹಿಂದೆ. ಇವೆರಡರ ನಡುವೆ ಉದ್ದದ ಪ್ರೊಪೆಲ್ಲರ್ ಶಾಫ್ಟು. ಆ ಶಾಫ್ಟಿಗೆ ಜಾಗ ಬೇಕು, ಚಾಸಿಗೆ ಜಾಗ ಬೇಕು. ಹಾಗಾಗಿ ಜನ ಅದರ ಮೇಲೆ ಅಟ್ಟ ಹತ್ತಿದ ಹಾಗೆ ಕೂರಬೇಕಿತ್ತು. ಫುಟ್‌ಬೋರ್ಡ್ ಇದ್ದಿದ್ದು ಶೋಕಿಗಲ್ಲ, ಅದಿಲ್ಲದೆ ಹತ್ತಲು ಆಗುತ್ತಿರಲಿಲ್ಲ.

ಇವರು ಏನು ಮಾಡಿದರು ಅಂದರೆ, ಚಾಸಿಯನ್ನೇ ತೆಗೆದುಹಾಕಿದರು. ಉಕ್ಕಿನ ತಗಡು ಒತ್ತಿ, ವೆಲ್ಡ್ ಮಾಡಿ, ಬಾಡಿಯೇ ಭಾರ ಹೊರುವ ಹಾಗೆ ಕಟ್ಟಿದರು. ಎಳೆಯುವ ಕೆಲಸ ಮುಂದಿನ ಚಕ್ರಕ್ಕೆ ಕೊಟ್ಟರು. ಶಾಫ್ಟ್ ಹೋಯಿತು, ದಿಬ್ಬ ಹೋಯಿತು, ಗಾಡಿ ಒಂದು ಗೇಣು ಕೆಳಗೆ ಕೂತಿತು. ಕುಲುಕಾಟ ತಡೆಯುವ ಸ್ಪ್ರಿಂಗಿಗೆ ಕಮಾನು ಪಟ್ಟಿಯ ಬದಲು ತಿರುಚುವ ಸರಳು ಹಾಕಿದರು. ಬ್ರೇಕು ಎಣ್ಣೆಯದು, ಅಂದರೆ ಹೈಡ್ರಾಲಿಕ್. ಇಷ್ಟೂ ಒಂದೇ ಗಾಡಿಯಲ್ಲಿ, 1934ರಲ್ಲಿ!

ಇನ್ನು ಗೇರ್ ಲಿವರ್. ಟ್ರಾಕ್ಸಿಯೋಂನಲ್ಲಿ ಗೇರ್‌ಬಾಕ್ಸು ಇಂಜಿನ್ನಿನ ಹಿಂದೆ ಇಲ್ಲ, ಮುಂದೆ ಇದೆ. ಬಾನೆಟ್ ತೆಗೆದರೆ ಮೂತಿಯ ಹತ್ತಿರ ಮೊದಲು ಗೇರ್‌ಬಾಕ್ಸು, ಅದರ ಹಿಂದೆ ಎರಡು ಚಕ್ರಕ್ಕೂ ಸುತ್ತು ಹಂಚುವ ಡಿಫರೆನ್ಷಿಯಲ್, ಅದರ ಹಿಂದೆ ಇಂಜಿನ್ನು. ಡ್ರೈವರ್ ಕೈಯಿಂದ ಅಷ್ಟು ದೂರ ಇರುವುದಕ್ಕೆ ನೆಲದಿಂದ ಲಿವರ್ ಎಲ್ಲಿಂದ ತರುತ್ತೀರಿ? ಅದಕ್ಕೇ ಡ್ಯಾಶ್‌ಬೋರ್ಡಿನಿಂದ ಸರಳು ಎಳೆದು ಇಂಜಿನ್ ದಾಟಿಸಿ ಮುಂದಕ್ಕೆ ಒಯ್ದಿದ್ದಾರೆ.

ಸುಮ್ನೆಓದೋಳು:
ಎತ್ತಿನ ಗಾಡಿಯಲ್ಲಿ ಎತ್ತು ಮುಂದೆ ಕಟ್ಟುತ್ತೇವೆ, ಹಿಂದಿನಿಂದ ತಳ್ಳಿಸುವುದಿಲ್ಲ. ಇದು ನಮ್ಮ ತಾತಂದಿರಿಗೇ ಗೊತ್ತಿತ್ತು. ಕಾರಿನವರಿಗೆ 1934 ಯಾಕೆ ಬೇಕಾಯಿತು? 😀

ಗ್ಯಾರೇಜ್‌ಗಿರಾಕಿ:
ಒಳ್ಳೇ ಪ್ರಶ್ನೆ ಮೇಡಂ, ನಗಬೇಡಿ. ಎತ್ತು ಗಾಡಿಯನ್ನೂ ಎಳೆಯುತ್ತದೆ, ತಾನೂ ತಿರುಗುತ್ತದೆ, ಅದಕ್ಕೆ ಮೈಯೆಲ್ಲ ಕೀಲು. ಚಕ್ರಕ್ಕೆ ಹಾಗಲ್ಲ. ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ತಿರುಗಬೇಕು, ಮೇಲೂ ಕೆಳಗೂ ಕುಣಿಯಬೇಕು. ಇಷ್ಟರ ನಡುವೆ ಇಂಜಿನ್ನಿನ ಸುತ್ತು ಒಂದೇ ಸಮ ಅದಕ್ಕೆ ಹೋಗಬೇಕು. ಆ ಜಾಯಿಂಟ್ ಮಾಡುವುದೇ ತಲೆನೋವು. ಟ್ರಾಕ್ಸಿಯೋಂನ ಮೊದಮೊದಲ ಗಾಡಿಗಳಲ್ಲಿ ಕೈಕೊಟ್ಟಿದ್ದೂ ಅದೇ ಜಾಯಿಂಟು.

ಎಂಟುಸಿಲಿಂಡರ್:
ಗಿರಾಕಿ ಸರ್, ನಿಮ್ಮ ಫ್ರೆಂಚ್ ಪ್ರೇಮ ನಮಗೆ ಗೊತ್ತಿದ್ದದ್ದೇ. ಆದರೆ ಇವರೇ ಮೊದಲು ಅನ್ನುವ ಹಾಗೆ ಬರೆಯಬೇಡಿ. ಅಮೆರಿಕದಲ್ಲಿ ಕಾರ್ಡ್ ಎಲ್-29 ಅಂತ ಮುಂದಿನ ಚಕ್ರದ ಗಾಡಿ 1929ರಲ್ಲೇ ಬಂದಿತ್ತು. ಜರ್ಮನಿಯ ಡಿಕೆಡಬ್ಲ್ಯು ಎಫ್-1 ಬಂದಿದ್ದು 1931ರಲ್ಲಿ, ಟೂ ಸ್ಟ್ರೋಕ್ ಇಂಜಿನ್ನಿನ ಅಗ್ಗದ ಪುಟ್ಟ ಗಾಡಿ. ಚಾಸಿ ಇಲ್ಲದ ಬಾಡಿ ಅಂದರೆ ಇಟಲಿಯ ಲಾನ್ಸಿಯಾ ಲಾಂಬ್ಡಾ, ಅದು ಇಪ್ಪತ್ತರ ದಶಕದ್ದು.

ನನ್ನ ಕೇಳಿದರೆ ಮೂವತ್ತರ ದಶಕದ ಕಾರು ಅಂದರೆ ಒಂದೇ, 1932ರ ಫೋರ್ಡ್ ವಿ-8. ಎಂಟು ಸಿಲಿಂಡರ್ ಆಗ ಸಾಹುಕಾರರ ಸೊತ್ತು. ಹೆನ್ರಿ ಫೋರ್ಡ್ ಅದನ್ನು ರೈತನ ಕೈಗೆ ಕೊಟ್ಟ. 3.6 ಲೀಟರ್, 65 ಕುದುರೆ ಬಲ, ರೋಡ್‌ಸ್ಟರ್ ಬೆಲೆ 460 ಡಾಲರ್. ಅಮೆರಿಕದಲ್ಲಿ ಕೋಟಿಗಟ್ಟಲೆ ಜನಕ್ಕೆ ಕೆಲಸ ಇಲ್ಲದ ವರ್ಷ ಅದು.

ಅವನ ಜಾಣತನ ಇದ್ದಿದ್ದು ಎರಕದಲ್ಲಿ. ಅಲ್ಲಿಯ ತನಕ ವಿ-8 ಅಂದರೆ ತುಂಡು ತುಂಡು ಎರಕ ಹೊಯ್ದು ಬೋಲ್ಟ್ ಹಾಕಿ ಜೋಡಿಸುವುದು ರೂಢಿ. ಫೋರ್ಡ್ ಇಡೀ ಬ್ಲಾಕನ್ನು ಒಂದೇ ಎರಕದಲ್ಲಿ ಹೊಯ್ಯಿರಿ ಅಂತ ಹಟ ಹಿಡಿದ. ಒಳಗೆ ನೀರಿನ ದಾರಿ, ಎಂಟು ಸಿಲಿಂಡರಿನ ತೂತು, ಹೊಗೆಯ ದಾರಿ, ಇಷ್ಟಕ್ಕೂ ಮರಳಿನ ಅಚ್ಚು ಇಡಬೇಕು. ಒಂದು ಅಚ್ಚು ಕೂದಲೆಳೆಯಷ್ಟು ಸರಿದರೂ ಬ್ಲಾಕು ಗುಜರಿಗೆ. ಮೊದಮೊದಲು ರಾಶಿ ರಾಶಿ ಹಾಳಾದವು. ಕೊನೆಗೆ ಸಾಧಿಸಿಯೇ ಬಿಟ್ಟರು.

ಮಲೆನಾಡ್‌ಮೊಮ್ಮಗ:
ಹೊಗೆಯ ದಾರಿ ಅಂದಿರಲ್ಲ ಮಾರಾಯ್ರೇ, ಅದೇ ಆ ಇಂಜಿನ್ನಿನ ಕರ್ಮ! ನಮ್ಮ ಅಜ್ಜ ತೀರ್ಥಹಳ್ಳಿ ಕಡೆ ಬಸ್ಸಿನಲ್ಲಿ ಕ್ಲೀನರ್ ಆಗಿ ಸೇರಿ ಆಮೇಲೆ ಡ್ರೈವರ್ ಆದವರು. ಫೋರ್ಡ್ ವಿ-8 ಇಂಜಿನ್ನಿನ ಬಸ್ಸು. "ಓಡುವಾಗ ಕುದುರೆ, ಏರು ಬಂದರೆ ಬಿಸಿನೀರಿನ ಹಂಡೆ" ಅನ್ನುತ್ತಿದ್ದರು. ಹಳ್ಳ ಸಿಕ್ಕಲ್ಲೆಲ್ಲ ನಿಲ್ಲಿಸಬೇಕು, ಕ್ಲೀನರ್ ಹುಡುಗ ಡಬ್ಬ ಹಿಡಿದು ಓಡಬೇಕು, ರೇಡಿಯೇಟರ್ ಮುಚ್ಚಳಕ್ಕೆ ಗೋಣಿಚೀಲ ಹಾಕಿ ತಿರುಗಿಸಬೇಕು. ಪೆಟ್ರೋಲ್ ಪೈಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರಂತೆ.

ಇಂಜಿನ್ ಸ್ಟಾರ್ಟ್ ಮಾಡಲು ಮೂತಿಯ ಕಡೆಯಿಂದ ಹ್ಯಾಂಡಲ್ ಹೊಡೆಯುವುದನ್ನು ನನಗೂ ತೋರಿಸಿಕೊಟ್ಟಿದ್ದರು, ಒಂದು ಹಳೇ ಲಾರಿಯಲ್ಲಿ. ನಾವು ಯಾವುದೇ ಕೋಲು ಹಿಡಿಯುವಾಗ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ ತಾನೇ? ಹಾಗೆ ಹಿಡಿಯಬಾರದು. ಹೆಬ್ಬೆರಳೂ ಬೆರಳುಗಳ ಕಡೆಗೇ ಇರಬೇಕು. ಇಂಜಿನ್ ಉಲ್ಟಾ ಒದ್ದರೆ ಹ್ಯಾಂಡಲ್ಲು ಅಂಗೈಯಿಂದ ಜಾರಿ ಹೋಗುತ್ತದೆ. ಇಲ್ಲದಿದ್ದರೆ ಹೆಬ್ಬೆರಳು ಮುರಿಯುತ್ತದೆ, ಕೆಲವೊಮ್ಮೆ ಮಣಿಕಟ್ಟೂ. ಒತ್ತಿ ತಳ್ಳಬೇಡ, ಕೆಳಗಿನಿಂದ ಮೇಲಕ್ಕೆ ಎಳೆ ಅನ್ನುತ್ತಿದ್ದರು. ಅಜ್ಜನ ಬಲಗೈ ಹೆಬ್ಬೆರಳು ಕೊನೆಯ ತನಕ ಸೊಟ್ಟಗೇ ಇತ್ತು. ಪಾಠ ಕಲಿತಿದ್ದು ಯಾವಾಗ ಅಂತ ಅದರಲ್ಲೇ ಗೊತ್ತಾಗುತ್ತಿತ್ತು.

ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಅದೇ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿದರಂತೆ. ಬೆಳಗ್ಗೆ ಎದ್ದು ಅರ್ಧ ಗಂಟೆ ತಿದಿ ತಿರುಗಿಸಿ ಗ್ಯಾಸ್ ಎಬ್ಬಿಸಬೇಕು. ದೊಡ್ಡ ಏರಿನಲ್ಲಿ ಗಂಡಸರೆಲ್ಲ ಇಳಿದು ನಡೆಯಬೇಕು, ಹೆಂಗಸರು ಮಕ್ಕಳು ಬಸ್ಸಿನಲ್ಲೇ. ಟಿಕೆಟ್ ದುಡ್ಡು ಮಾತ್ರ ಪೂರ್ತಿ.

ಎಂಟುಸಿಲಿಂಡರ್:
ಮೊಮ್ಮಗನೇ, ಚಿನ್ನದಂಥ ಮಾತು ಬರೆದಿರಿ. ಬಿಸಿಯಾಗುವ ವಿಷಯ ಒಪ್ಪಿಕೊಂಡೆ. ಹೊಗೆ ಸುಮ್ನೆ ಪಕ್ಕಕ್ಕೆ ಹೋಗುವ ಬದಲು ಬ್ಲಾಕಿನ ನಡುವೆಯೇ, ನೀರಿನ ಪಕ್ಕದಲ್ಲೇ ಹಾದು ಹೋಗುತ್ತಿತ್ತು. ನೀರು ಕುದಿಯದೆ ಇನ್ನೇನು ಆಗುತ್ತದೆ? ಬ್ರೇಕಿನ ವಿಷಯದಲ್ಲೂ ಹೆನ್ರಿ ಫೋರ್ಡ್ ಮೊಂಡ. ಬೇರೆಯವರೆಲ್ಲ ಎಣ್ಣೆ ಬ್ರೇಕಿಗೆ ಹೋದ ಮೇಲೂ 1939ರ ಮಾಡೆಲ್ಲಿನ ತನಕ ಸರಳು ಬ್ರೇಕನ್ನೇ ಹಿಡಿದು ಕೂತಿದ್ದ. ಆದರೂ ಹೇಳುತ್ತೇನೆ, ಆ ದುಡ್ಡಿಗೆ ಆ ಶಕ್ತಿ ಇನ್ಯಾರೂ ಕೊಡಲಿಲ್ಲ. ಬಾನಿ ಮತ್ತು ಕ್ಲೈಡ್ ಅನ್ನುವ ಕುಖ್ಯಾತ ಜೋಡಿ 1934ರ ಮೇ ತಿಂಗಳಲ್ಲಿ ಪೊಲೀಸರ ಗುಂಡಿಗೆ ಸತ್ತಾಗ ಕೂತಿದ್ದೂ ಕದ್ದ ಫೋರ್ಡ್ ವಿ-8ರಲ್ಲೇ.

ಗ್ಯಾರೇಜ್‌ಗಿರಾಕಿ:
ಕಳ್ಳರ ಸರ್ಟಿಫಿಕೇಟ್ ನಮ್ಮ ಗಾಡಿಗೂ ಇದೆ ಗುರುವೇ. ಯುದ್ಧ ಮುಗಿದ ಮೇಲೆ ಪ್ಯಾರಿಸ್‌ನಲ್ಲಿ ದರೋಡೆ ಮಾಡುತ್ತಿದ್ದ ಒಂದು ತಂಡಕ್ಕೆ ಟ್ರಾಕ್ಸಿಯೋಂ ಗ್ಯಾಂಗ್ ಅಂತಲೇ ಹೆಸರು ಬಿತ್ತು. ಅದಕ್ಕೂ ಮೊದಲು ಜರ್ಮನ್ ಗುಪ್ತ ಪೊಲೀಸ್ ಗೆಸ್ಟಾಪೊದವರೂ ಇದನ್ನೇ ಓಡಿಸಿದರು, ಅವರ ವಿರುದ್ಧ ಹೋರಾಡಿದ ಫ್ರೆಂಚರೂ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ತಮ್ಮ ದಳದ ಅಕ್ಷರ ಬರೆದು ಇದನ್ನೇ ಓಡಿಸಿದರು.

ನೀವು ಹೇಳಿದ ಕಾರ್ಡ್, ಡಿಕೆಡಬ್ಲ್ಯು, ಲಾನ್ಸಿಯಾ ಎಲ್ಲ ಸರಿ. ಮೊದಲು ಯಾರು ಅನ್ನುವುದು ನನ್ನ ಮಾತಲ್ಲ. ಕಾರ್ಡ್ ದುಬಾರಿ. ಡಿಕೆಡಬ್ಲ್ಯು ಬಾಡಿ ಮರದ್ದು. ಲಾಂಬ್ಡಾ ಎಳೆತ ಹಿಂದಿನ ಚಕ್ರದ್ದು. ಎಲ್ಲವನ್ನೂ ಒಂದು ಗಾಡಿಗೆ ತಂದು, ಮಧ್ಯಮ ವರ್ಗದ ಮನೆಗೆ ಲಕ್ಷಗಟ್ಟಲೆ ಮಾರಿದ್ದು ಇವರು.

ಅದಕ್ಕೆ ಕೊಟ್ಟ ಬೆಲೆಯನ್ನೂ ಕೇಳಿ. ಆಂದ್ರೆ ಸಿತ್ರೊಯೆನ್ ಹುಟ್ಟಾ ಜೂಜುಗಾರ, ಕ್ಯಾಸಿನೋದಲ್ಲೂ, ಕಾರ್ಖಾನೆಯಲ್ಲೂ. ಮೊದಲನೇ ಮಹಾಯುದ್ಧದಲ್ಲಿ ಫಿರಂಗಿ ಗುಂಡು ಮಾಡುತ್ತಿದ್ದ ಕಾರ್ಖಾನೆಯಲ್ಲಿ 1919ರಿಂದ ಕಾರು ಮಾಡಿದ. 1925ರಿಂದ ಐಫೆಲ್ ಗೋಪುರದ ಮೇಲೆ ತನ್ನ ಹೆಸರನ್ನು ವಿದ್ಯುತ್ ದೀಪದಲ್ಲಿ ಬರೆಸಿದ್ದ. 1933ರಲ್ಲಿ, ಜಗತ್ತೇ ದುಡ್ಡಿಲ್ಲ ಅಂತ ಕೂತಿರುವಾಗ, ಪ್ಯಾರಿಸ್‌ನ ಜಾವೆಲ್ ಕಾರ್ಖಾನೆ ಕೆಡವಿ ಹೊಸದಾಗಿ ಕಟ್ಟಿಸಿದ. ಅದರ ಮೇಲೆ ಈ ಹೊಸ ಗಾಡಿ. ಇಂಜಿನಿಯರ್ ಆಂದ್ರೆ ಲಫೆವ್ರ್ ಮಾರ್ಚ್ 1933ರಲ್ಲಿ ಕೆಲಸಕ್ಕೆ ಸೇರಿದ. ಏಪ್ರಿಲ್ 1934ಕ್ಕೆ ಗಾಡಿ ಜನರ ಮುಂದೆ! ಬಾಡಿಗೆ ರೂಪ ಕೊಟ್ಟವನು ಫ್ಲಮಿನಿಯೊ ಬೆರ್ತೋನಿ, ಇಟಲಿಯಿಂದ ಬಂದ ಶಿಲ್ಪಿ.

ಹದಿಮೂರು ತಿಂಗಳಲ್ಲಿ ಇಷ್ಟು ಹೊಸದು ಮಾಡಿದರೆ ಏನಾಗುತ್ತದೆ? ತನ್ನಷ್ಟಕ್ಕೇ ಗೇರು ಬದಲಾಯಿಸುವ ಗೇರ್‌ಬಾಕ್ಸ್ ಹಾಕಲು ಹೋಗಿದ್ದರು. ಏರಿನಲ್ಲಿ ಅದು ಬೆಂದುಹೋಗುತ್ತಿತ್ತು. ಕೊನೇ ಗಳಿಗೆಯಲ್ಲಿ ಕಿತ್ತುಹಾಕಿ, ಅದಕ್ಕೆ ಬಿಟ್ಟಿದ್ದ ಜಾಗದಲ್ಲೇ ಮೂರು ಗೇರಿನದನ್ನು ಹೊಂದಿಸಿದರು. ಪಾಪು ಅವರೇ, ನೀವು ನೋಡಿದ ಮೂರು ಗೇರಿನ ಕಥೆ ಅದು. ಮೊದಲ ಮಾಡೆಲ್ 7ಎಗೆ 1303 ಸಿಸಿ ಇಂಜಿನ್, 32 ಕುದುರೆ ಬಲ. ಸಾಲದು ಅಂತ ಗೊತ್ತಾಗಿ ಎರಡೇ ತಿಂಗಳಲ್ಲಿ ಇಂಜಿನ್ ದೊಡ್ಡದು ಮಾಡಿದರು. ಡಿಸೆಂಬರ್ 1934ರಲ್ಲಿ ಕಂಪನಿ ದಿವಾಳಿ. ಜಾಸ್ತಿ ಸಾಲ ಕೊಟ್ಟಿದ್ದ ಟೈರಿನ ಮಿಶೆಲಿನ್ ಕಂಪನಿ ಎಲ್ಲವನ್ನೂ ವಹಿಸಿಕೊಂಡಿತು. ಆಂದ್ರೆ ಸಿತ್ರೊಯೆನ್ 1935ರ ಜುಲೈನಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡ. ಗಾಡಿ ಆಮೇಲೆ 22 ವರ್ಷ ಓಡಿತು.

ಸುಮ್ನೆಓದೋಳು:
ಅಯ್ಯೋ ಪಾಪ. ಮನೆ ಕಟ್ಟಿಸಿದವನು ಗೃಹಪ್ರವೇಶದ ಊಟ ಮಾಡಲಿಲ್ಲ.

ಕಡತಪ್ರಿಯ:
1934ರಲ್ಲಿ ಕೈ ಸುಟ್ಟುಕೊಂಡಿದ್ದು ಇವರೊಬ್ಬರೇ ಅಲ್ಲ. ಅದೇ ವರ್ಷ ಅಮೆರಿಕದ ಕ್ರೈಸ್ಲರ್ ಕಂಪನಿ ಏರ್‌ಫ್ಲೋ ಅಂತ ಒಂದು ಕಾರು ತಂದಿತು. ಅದರ ಇಂಜಿನಿಯರ್ ಕಾರ್ಲ್ ಬ್ರೀರ್ ಗಾಳಿ ಸುರಂಗದಲ್ಲಿ ಆಗಿನ ಕಾರುಗಳ ಆಕಾರ ಇಟ್ಟು ನೋಡಿದ. ಸಲಹೆ ಕೊಟ್ಟವನು ಆರ್ವಿಲ್ ರೈಟ್, ವಿಮಾನದ ರೈಟ್ ಸಹೋದರರಲ್ಲಿ ಒಬ್ಬ. ನೋಡಿದರೆ ಬಹಳ ಕಾರುಗಳು ಮುಂದಕ್ಕೆ ಹೋಗುವುದಕ್ಕಿಂತ ಹಿಂದಕ್ಕೆ ಹೋಗುವಾಗಲೇ ಗಾಳಿಯನ್ನು ಸಲೀಸಾಗಿ ಸೀಳುತ್ತಿದ್ದವಂತೆ! ಹಾಗಾಗಿ ಮೂತಿ ಉರುಟು ಮಾಡಿದರು. ಇಂಜಿನ್ನನ್ನು ಮುಂದಿನ ಚಕ್ರಗಳ ಅಚ್ಚಿನ ಮೇಲಕ್ಕೆ ತಳ್ಳಿ, ಸೀಟುಗಳನ್ನು ಎರಡು ಅಚ್ಚಿನ ನಡುವೆ ತಂದರು. ಹಿಂದೆ ಕೂತವರ ಸೊಂಟ ಉಳಿಯಿತು.

ಆದರೆ ಜನರಿಗೆ ಮುಖ ಹಿಡಿಸಲಿಲ್ಲ. ಶೋನಲ್ಲಿ ತೋರಿಸಿ ತಿಂಗಳುಗಟ್ಟಲೆ ಗಾಡಿ ಕೊಡಲಿಲ್ಲ, ಕೊಟ್ಟ ಮೊದಲ ಗಾಡಿಗಳಲ್ಲಿ ದೋಷ. 1937ಕ್ಕೆ ಆ ಕಾರು ಮಾಡುವುದನ್ನೇ ನಿಲ್ಲಿಸಿದರು. ನನಗೆ ಇಷ್ಟದ ವಿಷಯ ಇದರ ಮುಂದಿನದು. 1936ರಲ್ಲಿ ಜಪಾನಿನಲ್ಲಿ ಟೊಯೊಡಾದವರು (ಈಗಿನ ಟೊಯೊಟಾ) ಎಎ ಅಂತ ತಮ್ಮ ಮೊದಲ ಕಾರು ಮಾಡಿದಾಗ ಬಾಡಿಗೆ ಮಾದರಿ ಮಾಡಿಕೊಂಡಿದ್ದು ಇದೇ ಸೋತ ಏರ್‌ಫ್ಲೋವನ್ನು, ಇಂಜಿನ್ನಿಗೆ ಷೆವರ್ಲೆಯನ್ನು. ಮಾಡಿದ್ದು 1404 ಗಾಡಿ. ಜಪಾನಿನಲ್ಲಿ ಒಂದೂ ಉಳಿಯಲಿಲ್ಲ. ಅವರ ಮ್ಯೂಸಿಯಂನಲ್ಲಿ ಇರುವುದು ಮತ್ತೆ ಕಟ್ಟಿದ ಪ್ರತಿ. ಅಸಲಿ ಒಂದು ಸಿಕ್ಕಿದ್ದು ರಷ್ಯಾದ ವ್ಲಾಡಿವೊಸ್ತಾಕ್ ಕಡೆ, ಲಡಕಾಸಿ ಸ್ಥಿತಿಯಲ್ಲಿ. ಈಗ ನೆದರ್ಲೆಂಡಿನ ಹೇಗ್ ನಗರದ ಲೌಮನ್ ಮ್ಯೂಸಿಯಂನಲ್ಲಿದೆ. ತೊಳೆದು ಬಣ್ಣ ಬಳಿಯದೆ ಹಾಗೇ ಇಟ್ಟಿದ್ದಾರೆ, ಒಳ್ಳೆಯದೇ ಮಾಡಿದರು.

ನಮ್ಮ ಕಡೆಯದೂ ಒಂದು ಮಾತು. ಮೂವತ್ತರ ದಶಕದ ನಡುವೆ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿ ಬಂದು ಇಲ್ಲೂ ಒಂದು ಆಗಬೇಕು ಅಂತ ಯೋಜನೆ ಬರೆದರು. ಜೊತೆಗೆ ನಿಂತವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬೆಂಗಳೂರಿನಲ್ಲಿ ಮಾಡುವ ಮಾತೂ ನಡೆಯಿತು. ಮೈಸೂರು ಸರ್ಕಾರಕ್ಕೆ ಮನಸ್ಸಿತ್ತು, ಬ್ರಿಟಿಷ್ ಸರ್ಕಾರಕ್ಕೆ ಇರಲಿಲ್ಲ. ಬೆಂಗಳೂರಿಗೆ 1940ರಲ್ಲಿ ವಾಲ್‌ಚಂದ್ ವಿಮಾನದ ಕಾರ್ಖಾನೆ ತಂದರು, ಇವತ್ತಿನ ಎಚ್‌ಎಎಲ್. ಕಾರಿನದು ಕೊನೆಗೆ 1944ರಲ್ಲಿ ಬಾಂಬೆಯಲ್ಲಿ ಪ್ರೀಮಿಯರ್ ಅಂತ ಆಯಿತು.

ಮಾರಿಸ್‌ಮನೆ:
ದೊಡ್ಡವರೆಲ್ಲ ದೊಡ್ಡ ಗಾಡಿ ಮಾತಾಡುತ್ತಿದ್ದೀರಿ, ನಮ್ಮ ಮನೆಯ ಚಿಕ್ಕದೂ ಕೇಳಿ. ಮೈಸೂರಿನ ನಮ್ಮ ಹಿತ್ತಲ ಶೆಡ್ಡಿನಲ್ಲಿ ಒಂದು 1936ರ ಮಾರಿಸ್ ಎಯ್ಟ್ ಇದೆ. 918 ಸಿಸಿ. ಇಂಗ್ಲಿಷರ ಸಾಧಾರಣ ಕಾರು, ಯಾವ ಕ್ರಾಂತಿಯೂ ಇಲ್ಲ. ಆದರೂ ಬ್ರೇಕ್ ಎಣ್ಣೆಯದೇ ಸ್ವಾಮಿ, ಫೋರ್ಡಿಗಿಂತ ಮೊದಲೇ!

ಮಕ್ಕಳಿಗೆ ಅದರಲ್ಲಿ ಇಷ್ಟ ಅಂದರೆ ಸಿಗ್ನಲ್ ಕೈ. ಬಾಗಿಲ ಪಕ್ಕದ ಕಂಬದಿಂದ ಕಿತ್ತಳೆ ಬಣ್ಣದ ಪುಟ್ಟ ಕೈಯೊಂದು ಟಕ್ ಅಂತ ಹೊರಗೆ ಬರುತ್ತದೆ, ಒಳಗೆ ಬಲ್ಬು. ತಿರುಗಿದ ಮೇಲೆ ತಾನಾಗಿ ಒಳಗೆ ಹೋಗಬೇಕು, ನಮ್ಮದು ಹೋಗುವುದಿಲ್ಲ. ಕಿಟಕಿಯಿಂದ ಕೈ ಹಾಕಿ ಒಂದು ಏಟು ಕೊಡಬೇಕು.

ಹೋದ ವರ್ಷ ಒಬ್ಬರ ಹತ್ತಿರ ವೈರಿಂಗ್ ಮಾಡಲು ಬಿಟ್ಟಿದ್ದೆ. ಗಾಡಿ 6 ವೋಲ್ಟಿನದು ಅಂತ ಎರಡು ಸಲ ಹೇಳಿದ್ದೆ, ಚೀಟಿಯನ್ನೂ ಅಂಟಿಸಿದ್ದೆ. ಪುಣ್ಯಾತ್ಮ ಊಟದ ಹೊತ್ತಿನಲ್ಲಿ ಯಾವುದೋ 12 ವೋಲ್ಟ್ ಬ್ಯಾಟರಿ ಕೊಟ್ಟು ಸ್ವಿಚ್ ಒತ್ತಿದ. ದೀಪ ಒಂದು ಕ್ಷಣ ದೀಪಾವಳಿ ಹಾಗೆ ಉರಿದು ಎಲ್ಲ ಬಲ್ಬು ಒಟ್ಟಿಗೆ ಹೋದವು. "ಸರ್, ಲೈಟು ಚೆನ್ನಾಗಿ ಬರ್ತಿತ್ತು" ಅಂದ. ಸಿಗ್ನಲ್ ಕೈಯ ಕಾಯಿಲ್ ಸುಟ್ಟ ವಾಸನೆ ಇನ್ನೂ ಮೂಗಿನಲ್ಲಿದೆ. ಬಿಯರಿಂಗಿಗೆ ವೈಟ್ ಮೆಟಲ್ ಕರಗಿಸಿ ಹೊಯ್ಯುವವರನ್ನು ಹುಡುಕಿದ್ದು ಬೇರೆ ಪುರಾಣ, ಇನ್ನೊಂದು ದಿನ ಬರೆಯುತ್ತೇನೆ.

ಎಂಟುಸಿಲಿಂಡರ್:
ನಿಮ್ಮ ಮಾರಿಸ್ ಎಯ್ಟೂ ನಮ್ಮ ಫೋರ್ಡಿನ ನೆಂಟನೇ ಸರ್. ಇಂಗ್ಲೆಂಡಿನಲ್ಲಿ ಫೋರ್ಡ್ ಮಾಡಿದ ಪುಟ್ಟ ಮಾಡೆಲ್ ವೈ ಜೋರಾಗಿ ಮಾರಾಟ ಆಗಿದ್ದನ್ನು ನೋಡಿ ಮಾರಿಸ್‌ನವರು ಅದನ್ನು ತಂದಿದ್ದು. 😀

ಗ್ಯಾರೇಜ್‌ಗಿರಾಕಿ:
ಎಲ್ಲಾ ದಾರಿ ನಿಮಗೆ ಫೋರ್ಡಿಗೇ ಹೋಗುತ್ತದೆ. ಒಂದೇ ಮಾತು ಕೇಳುತ್ತೇನೆ. ಇವತ್ತು ನಿಮ್ಮ ಮನೆ ಮುಂದೆ ನಿಂತಿರುವ ಕಾರು ಯಾವುದು? ಚಾಸಿ ಬೇರೆ ಇದೆಯಾ? ಎಳೆಯುವುದು ಯಾವ ಚಕ್ರ?

ಎಂಟುಸಿಲಿಂಡರ್:
...ಮಾರುತಿ. ಮುಂದಿನ ಚಕ್ರ. ಸರಿ, ಒಂದು ಪಾಯಿಂಟ್ ನಿಮಗೆ.

ಗ್ಯಾರೇಜ್‌ಗಿರಾಕಿ:
ಅಷ್ಟೇ ನಾನು ಹೇಳುತ್ತಿರುವುದು. ಅಂಬಾಸಿಡರ್, ಪದ್ಮಿನಿ ಎರಡೂ ಹಿಂದಿನ ಚಕ್ರದವು. ನಮ್ಮ ರಸ್ತೆಯಲ್ಲಿ ಮುಂದಿನ ಎಳೆತ ಮಾಮೂಲಿ ಆಗಿದ್ದು 1983ರಲ್ಲಿ ಮಾರುತಿ 800 ಬಂದ ಮೇಲೆ. ಟ್ರಾಕ್ಸಿಯೋಂ ಬಂದು ಅಷ್ಟೊತ್ತಿಗೆ 49 ವರ್ಷ.

ಪ್ಯಾರಿಸ್‌ಪಾಪು:
ಒಂದು ವಾರದಲ್ಲಿ ಇಷ್ಟೊಂದಾ! ಎಲ್ಲವನ್ನೂ ಕೂತು ಓದಿದೆ. ಫೋಟೋ ಹಾಕಿದ್ದೇನೆ ನೋಡಿ. ಹಿಂದುಗಡೆ ಸ್ಟೆಪ್ನಿ ಮುಚ್ಚಳ ದುಂಡಗೆ ಉಬ್ಬಿದೆ, ವೈಪರ್ ಗಾಜಿನ ಮೇಲ್ಗಡೆ ಇದೆ.

ಗ್ಯಾರೇಜ್‌ಗಿರಾಕಿ:
ಸ್ಟೆಪ್ನಿ ಹೊರಗೆ, ವೈಪರ್ ಮೇಲೆ ಅಂದರೆ 1952ರ ಬದಲಾವಣೆಗೆ ಮುಂಚಿನದು. ಆಮೇಲೆ ಡಿಕ್ಕಿ ದೊಡ್ಡದಾಯಿತು, ವೈಪರ್ ಕೆಳಗೆ ಬಂತು. ಬಣ್ಣ ಕರಿ, ಅಂದರೆ ಯುದ್ಧದ ನಂತರದ್ದೇ ಇರಬೇಕು, ಆಗ ಹೆಚ್ಚೂ ಕಮ್ಮಿ ಎಲ್ಲಾ ಕರಿಯವೇ. ಸ್ಟೀರಿಂಗ್ ಹೇಗಿತ್ತು?

ಪ್ಯಾರಿಸ್‌ಪಾಪು:
ರುಬ್ಬುವ ಗುಂಡು ತಿರುಗಿಸಿದ ಹಾಗೆ! ಚರ್ಚ್ ಮುಂದೆ ಗಾಡಿ ತಿರುಗಿಸಲು ಅವರು ಮೂರು ಸಲ ಹಿಂದೆ ಮುಂದೆ ಮಾಡಬೇಕಾಯಿತು. ಓಡುವಾಗ ಮಾತ್ರ ತಿರುವಿನಲ್ಲಿ ಒಂಚೂರೂ ವಾಲಲಿಲ್ಲ. ವರ್ಷ ಕೇಳಿದೆ, 1950 ಅಂದರು. ನೀವು ಹೇಳಿದ್ದು ಸರಿಯಾಯಿತು.

ಇನ್ನೊಂದು ವಿಷಯ. ನಿನ್ನೆ ಅವರ ಮನೆಗೆ ಮತ್ತೆ ಹೋಗಿದ್ದೆ, ಮದುವೆ ಫೋಟೋ ಕೊಡಲು. ಗಾಡಿಯ ಮೂತಿಯಲ್ಲಿ, ಜಾಲರಿಯ ಕೆಳಗೆ, ಒಂದು ತೂತು ಇದೆಯಲ್ಲ, ಅದೇನು ಅಂತ ಕೇಳಿದೆ. ಅವರು ಡಿಕ್ಕಿಯಿಂದ ಹ್ಯಾಂಡಲ್ ತಂದು ಸಿಕ್ಕಿಸಿ, ಹೊಡಿ ಅಂತ ನನ್ನ ಕೈಗೆ ಕೊಟ್ಟರು. ನಾನು ಮಲೆನಾಡ ಅಜ್ಜನನ್ನು ನೆನೆಸಿಕೊಂಡು ಹೆಬ್ಬೆರಳನ್ನು ಬೆರಳುಗಳ ಕಡೆಗೇ ಇಟ್ಟು ಹಿಡಿದೆ. ಎಪ್ಪತ್ತೆಂಟು ವರ್ಷದ ಮುದುಕರು ನನ್ನ ಕೈ ನೋಡಿದರು, ಮುಖ ನೋಡಿದರು. ಇಂಡಿಯಾದಲ್ಲಿ ನಿನಗೆ ಇದನ್ನು ಯಾರು ಹೇಳಿಕೊಟ್ಟರು ಅಂತ ಕೇಳಿ ಜೋರಾಗಿ ನಕ್ಕರು. ಆಮೇಲೆ ತಮ್ಮ ಬಲಗೈ ಎತ್ತಿ ಹೆಬ್ಬೆರಳು ತೋರಿಸಿದರು. ಅದೂ ಸೊಟ್ಟ.

ಮಲೆನಾಡ್‌ಮೊಮ್ಮಗ:
ಸ್ಟಾರ್ಟ್ ಆಯ್ತಾ ಮಾರಾಯ್ರೇ?

ಪ್ಯಾರಿಸ್‌ಪಾಪು:
ನಾಲ್ಕನೇ ಸಲಕ್ಕೆ.